ಹವ್ಯಾಸಿ ಹೆವಿವೇಟ್ ಚಾಂಪಿಯನ್ನರ ಕ್ರೀಡಾಜೀವನವನ್ನು ಓದುವುದು ಹೇಗೆ: ಟಿಯೋಫಿಲೊ ಸ್ಟೀವನ್ಸನ್ ಅವರ ದಾಖಲೆಯೊಂದಿಗೆ ಒಂದು ಮಾರ್ಗದರ್ಶಿ

ಕ್ಯೂಬಾದ ಟಿಯೋಫಿಲೊ ಸ್ಟೀವನ್ಸನ್ 1972, 1976 ಮತ್ತು 1980ರ ಒಲಿಂಪಿಕ್ಸ್‌ಗಳಲ್ಲಿ ಹೆವಿವೇಟ್ ವಿಭಾಗದ ಚಿನ್ನವನ್ನು ಗೆದ್ದರು, 1974, 1978 ಮತ್ತು 1986ರಲ್ಲಿ ವಿಶ್ವ ಚಾಂಪಿಯನ್ ಆದರು, ವೃತ್ತಿಪರ ಬಾಕ್ಸಿಂಗ್‌ನ ರಿಂಗಿಗೆ ಒಮ್ಮೆಯೂ ಇಳಿಯಲಿಲ್ಲ. ಅವರನ್ನು ಕುರಿತ ಬಹುಪಾಲು ಬರಹಗಳು ಈ ಒಂದು ವಾಕ್ಯವನ್ನೇ ಹಿಗ್ಗಿಸಿ ಹೇಳಿ, ಕೊನೆಯಲ್ಲಿ ಮಹಮ್ಮದ್ ಅಲಿ ಅವರೊಂದಿಗೆ ನಡೆಯದೇ ಹೋದ ಪಂದ್ಯದ ಮಾತೆತ್ತಿ ಮುಗಿಯುತ್ತವೆ. ಪದಕಗಳ ಎಣಿಕೆ ತಪ್ಪೇನಲ್ಲ, ಆದರೆ ಒಬ್ಬ ಹವ್ಯಾಸಿ ಬಾಕ್ಸರ್ ಎಷ್ಟು ದೊಡ್ಡವರು ಎಂಬುದು ಅದರಿಂದ ತಿಳಿಯುವುದಿಲ್ಲ. ಯಾರನ್ನು, ಯಾವ ಸುತ್ತಿನಲ್ಲಿ, ಯಾವ ರೀತಿಯಲ್ಲಿ ಸೋಲಿಸಿದರು, ಯಾರಿಗೆ ಸೋತರು, ಸೋತ ಮೇಲೆ ಏನನ್ನು ತಿದ್ದಿಕೊಂಡರು, ಯಾವ ವರ್ಷಗಳಲ್ಲಿ ರಿಂಗಿಗೆ ಬರಲು ಅವಕಾಶವೇ ಇರಲಿಲ್ಲ ಎಂಬುದನ್ನು ಪಂದ್ಯ ಪಂದ್ಯವಾಗಿ ನೋಡಿದಾಗಲೇ ಅದು ತಿಳಿಯುತ್ತದೆ.

ಕ್ರೀಡಾ ಬರವಣಿಗೆಯಲ್ಲಿ ಆಸಕ್ತಿ ಇರುವವರಿಗೆ, ಬಾಕ್ಸಿಂಗ್ ಕಲಿಯುತ್ತಿರುವ ಮತ್ತು ಕಲಿಸುತ್ತಿರುವವರಿಗೆ, ಹಳೆಯ ಒಲಿಂಪಿಕ್ಸ್‌ಗಳ ಫಲಿತಾಂಶ ಪಟ್ಟಿಗಳನ್ನು ತಿರುವಿಹಾಕುವ ಅಭ್ಯಾಸ ಇರುವವರಿಗೆ ಉಪಯೋಗವಾಗಲಿ ಎಂದು ಆ ಓದಿನ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ದಪ್ಪ ನೋಟ್‌ಬುಕ್, ಆಯಾ ಕೂಟಗಳ ಸುತ್ತುವಾರು ಫಲಿತಾಂಶಗಳು, ಸಿಕ್ಕಷ್ಟು ಪಂದ್ಯಗಳ ಚಿತ್ರೀಕರಣ, ಜೊತೆಗೆ ಸ್ವಲ್ಪ ತಾಳ್ಮೆ.

ಮೊದಲು ತೂಕದ ವಿಭಾಗವನ್ನು ಖಚಿತ ಮಾಡಿಕೊಳ್ಳಿ

ಹೆವಿವೇಟ್ ಎಂಬ ಹೆಸರು ಎಲ್ಲ ಕಾಲದಲ್ಲೂ ಒಂದೇ ತೂಕವನ್ನು ಸೂಚಿಸುವುದಿಲ್ಲ. ಸ್ಟೀವನ್ಸನ್ ತಮ್ಮ ಮೂರು ಒಲಿಂಪಿಕ್ ಚಿನ್ನಗಳನ್ನು ಗೆದ್ದ ಕಾಲದಲ್ಲಿ 81 ಕಿಲೊಗಿಂತ ಹೆಚ್ಚು ತೂಗುವ ಎಲ್ಲರೂ ಒಂದೇ ವಿಭಾಗದಲ್ಲಿ ಸೆಣಸುತ್ತಿದ್ದರು, ಅದರ ಮೇಲೆ ಇನ್ನೊಂದು ವಿಭಾಗ ಇರಲಿಲ್ಲ. 1982ರ ವಿಶ್ವ ಚಾಂಪಿಯನ್‌ಷಿಪ್ ಮತ್ತು 1984ರ ಒಲಿಂಪಿಕ್ಸ್‌ನಿಂದ 91 ಕಿಲೊ ಮೀರಿದವರಿಗೆ ಸೂಪರ್ ಹೆವಿವೇಟ್ ಎಂಬ ಪ್ರತ್ಯೇಕ ವಿಭಾಗ ಬಂತು. ಹೆವಿವೇಟ್ ಎಂದರೆ 81ರಿಂದ 91 ಕಿಲೊ ಎಂದಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಅತ್ಯಂತ ಭಾರದ ವಿಭಾಗ 92 ಕಿಲೊ ಮೇಲ್ಪಟ್ಟದ್ದು.

ಇದನ್ನು ಗಮನಿಸದೆ ಹೋಲಿಕೆಗೆ ಇಳಿದರೆ ಅನ್ಯಾಯವಾಗುತ್ತದೆ. ಕ್ಯೂಬಾದವರೇ ಆದ ಫೆಲಿಕ್ಸ್ ಸಾವೊನ್ 1992, 1996 ಮತ್ತು 2000ದಲ್ಲಿ ಗೆದ್ದ ಮೂರು ಚಿನ್ನಗಳು 91 ಕಿಲೊ ವಿಭಾಗದವು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಮೊದಲ ಬಾರಿಗೆ ಮೂರು ಚಿನ್ನ ಗೆದ್ದ ಹಂಗೆರಿಯ ಲಾಸ್ಲೊ ಪಾಪ್ ಹೆವಿವೇಟ್ ಬಾಕ್ಸರ್ ಆಗಿರಲಿಲ್ಲ. ಮೂವರ ಸಾಧನೆಯೂ ಹಿರಿದು, ಆದರೆ ತೂಕಕ್ಕೆ ಮೇಲ್ಮಿತಿಯೇ ಇಲ್ಲದ ವಿಭಾಗದಲ್ಲಿ ಮೂರು ಬಾರಿ ಗೆದ್ದವರು ಸ್ಟೀವನ್ಸನ್ ಒಬ್ಬರೇ. ಆದ್ದರಿಂದ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಕೂಟದ ಹೆಸರು, ವರ್ಷ, ವಿಭಾಗದ ಹೆಸರುಗಳ ಪಕ್ಕದಲ್ಲಿ ಆ ವರ್ಷದ ತೂಕದ ಮಿತಿಯನ್ನು ಕಿಲೊ ಲೆಕ್ಕದಲ್ಲೇ ಬರೆದುಕೊಳ್ಳಿ. 1986ರಲ್ಲಿ ರೀನೊ ನಗರದಲ್ಲಿ ಸ್ಟೀವನ್ಸನ್ ಗೆದ್ದ ಚಿನ್ನ ಸೂಪರ್ ಹೆವಿವೇಟ್ ವಿಭಾಗದ್ದು ಎಂಬುದನ್ನೂ, ಅದೇ ಕೂಟದ ಹೆವಿವೇಟ್ ಚಿನ್ನ ಸಾವೊನ್ ಅವರ ಪಾಲಾಯಿತು ಎಂಬುದನ್ನೂ ಅಲ್ಲಿಯೇ ನಮೂದಿಸಿದರೆ ಮುಂದೆ ಗೊಂದಲವಾಗದು.

ಆ ಕಾಲದ ನಿಯಮಗಳಿಗೂ ಎರಡು ಸಾಲು ಮೀಸಲಿಡಿ. ಪಂದ್ಯ ಮೂರು ಸುತ್ತು, ಪ್ರತಿ ಸುತ್ತಿಗೆ ಮೂರು ನಿಮಿಷ. ಐವರು ತೀರ್ಪುಗಾರರಲ್ಲಿ ಎಷ್ಟು ಮಂದಿ ಯಾರ ಪರ ಎಂಬುದರ ಮೇಲೆ ಫಲಿತಾಂಶವು 5–0, 4–1 ಅಥವಾ 3–2 ಎಂದು ದಾಖಲಾಗುತ್ತಿತ್ತು. ಒಲಿಂಪಿಕ್ಸ್‌ನಲ್ಲಿ ತಲೆಗೆ ರಕ್ಷಾಕವಚ ಕಡ್ಡಾಯವಾದದ್ದು 1984ರಲ್ಲಿ, ಆದ್ದರಿಂದ ಸ್ಟೀವನ್ಸನ್ ಮತ್ತು ಅವರ ಎದುರಾಳಿಗಳು ಬರಿತಲೆಯಲ್ಲೇ ಹೊಡೆತ ತಿಂದರು. ಹೊಡೆತಗಳನ್ನು ಬಟನ್ ಒತ್ತಿ ಎಣಿಸುವ ಕಂಪ್ಯೂಟರ್ ಪದ್ಧತಿ 1992ರ ಬಾರ್ಸಿಲೋನಾದಲ್ಲಿ ಬಂತು, 2013ರಲ್ಲಿ ಹೋಯಿತು. ಆ ನಡುವಿನ ವರ್ಷಗಳ ಅಂಕಗಳನ್ನು ಎಪ್ಪತ್ತರ ದಶಕದ ಅಂಕಗಳ ಪಕ್ಕದಲ್ಲಿಟ್ಟು ತೂಗಲು ಬರುವುದಿಲ್ಲ.

ಕ್ರೀಡಾಜೀವನದ ಮೆಟ್ಟಿಲುಗಳನ್ನು ಗುರುತಿಸುವುದು

ವೃತ್ತಿಪರ ಬಾಕ್ಸರ್‌ಗೆ ಮುಂದಿನ ಎದುರಾಳಿ ಯಾರಾಗಬೇಕು ಎಂಬುದನ್ನು ವ್ಯವಸ್ಥಾಪಕರು ಲೆಕ್ಕಹಾಕಿ ಆರಿಸುತ್ತಾರೆ. ಹವ್ಯಾಸಿಗೆ ಆ ಆಯ್ಕೆ ಇಲ್ಲ. ಡ್ರಾದಲ್ಲಿ, ಅಂದರೆ ಚೀಟಿ ಎತ್ತಿ ಜೋಡಿಗಳನ್ನು ನಿಗದಿ ಮಾಡುವಾಗ, ಬಂದವರನ್ನು ಎದುರಿಸಬೇಕು, ಕೆಲವೇ ದಿನಗಳ ಅಂತರದಲ್ಲಿ ನಾಲ್ಕೈದು ಬಾರಿ ರಿಂಗಿಗೆ ಇಳಿಯಬೇಕು, ಅಷ್ಟರಲ್ಲಿ ಒಂದು ಬಾರಿ ಸೋತರೂ ಮನೆಗೆ ಹೊರಡಬೇಕು. ಹಾಗಾಗಿ ಹವ್ಯಾಸಿಯ ಬದುಕನ್ನು ಅಳೆಯುವ ಘಟಕ ಪಂದ್ಯವಲ್ಲ, ಕೂಟ. ಊರಿನ ಮಟ್ಟ, ರಾಷ್ಟ್ರೀಯ ಕೂಟ, ಪ್ರಾದೇಶಿಕ ಕ್ರೀಡಾಕೂಟ, ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಕ್ಸ್ ಹೀಗೆ ಮೆಟ್ಟಿಲುಗಳನ್ನು ಬರೆದುಕೊಂಡು ಬಾಕ್ಸರ್ ಪ್ರತಿ ಮೆಟ್ಟಿಲನ್ನು ಯಾವ ವಯಸ್ಸಿನಲ್ಲಿ ಹತ್ತಿದರು ಎಂದು ಗುರುತು ಹಾಕಿ.

ಸ್ಟೀವನ್ಸನ್ 1952ರ ಮಾರ್ಚ್ 29ರಂದು ಕ್ಯೂಬಾದ ಪೂರ್ವಭಾಗದ ಪುಯೆರ್ಟೊ ಪಾದ್ರೆಯಲ್ಲಿ ಹುಟ್ಟಿದರು. ತಂದೆ ಸೇಂಟ್ ವಿನ್ಸೆಂಟ್ ದ್ವೀಪದಿಂದ ಕ್ಯೂಬಾಕ್ಕೆ ಬಂದು ನೆಲೆಸಿದವರು, ಸ್ವತಃ ಬಾಕ್ಸಿಂಗ್ ಮಾಡಿದ್ದವರು. ಕ್ಯೂಬಾದಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷೇಧವಾದದ್ದು 1962ರಲ್ಲಿ, ಅಂದರೆ ಈ ಹುಡುಗ ಹತ್ತು ವರ್ಷದವನಾಗಿದ್ದಾಗ. ಈ ಒಂದು ದಿನಾಂಕ ಅವರ ಮುಂದಿನ ಬದುಕಿನ ದಿಕ್ಕನ್ನೇ ನಿರ್ಧರಿಸಿತು. ಹಣಕ್ಕಾಗಿ ಸೆಣಸುವ ದಾರಿ ಮುಚ್ಚಿತ್ತು. ಅದಕ್ಕೆ ಬದಲಾಗಿ ಸರ್ಕಾರವೇ ನಡೆಸುವ ಕ್ರೀಡಾ ವ್ಯವಸ್ಥೆ ಇತ್ತು, ಮುಖ್ಯ ತರಬೇತುದಾರ ಆಲ್ಸಿಡೆಸ್ ಸಗಾರ್ರಾ ಕಟ್ಟುತ್ತಿದ್ದ ರಾಷ್ಟ್ರೀಯ ತಂಡ ಇತ್ತು, ಸೋವಿಯತ್ ಒಕ್ಕೂಟದಿಂದ ಬಂದ ಆಂದ್ರೇಯ್ ಚೆರ್ವೊನೆಂಕೊ ಅವರ ಪಾಠ ಇತ್ತು. ಹವ್ಯಾಸಿ ಎಂದ ಮಾತ್ರಕ್ಕೆ ಬಿಡುವಿನ ವೇಳೆಯಲ್ಲಿ ಆಡಿದವರು ಎಂದು ಭಾವಿಸಬೇಡಿ. ಇಡೀ ದಿನ ತರಬೇತಿ ಪಡೆಯುತ್ತಿದ್ದ, ರಾಜ್ಯದ ಆಸರೆಯಲ್ಲಿ ಬೆಳೆದ ಕ್ರೀಡಾಪಟು ಅವರು, ಮತ್ತು ಇದನ್ನು ಅವರ ದೌರ್ಬಲ್ಯವೆಂದೋ ಅನುಕೂಲವೆಂದೋ ತೀರ್ಮಾನಿಸುವ ಮೊದಲು ಎದುರಾಳಿಗಳ ಸ್ಥಿತಿ ಏನಿತ್ತು ಎಂದೂ ವಿಚಾರಿಸಬೇಕು.

ಹಿರಿಯರ ರಾಷ್ಟ್ರೀಯ ಕೂಟದಲ್ಲಿ ಅವರ ಪ್ರವೇಶ ಸೋಲಿನಿಂದ ಆಯಿತು. ಹದಿನೇಳರ ವಯಸ್ಸಿನಲ್ಲಿ ಅನುಭವಿ ಗೇಬ್ರಿಯಲ್ ಗಾರ್ಸಿಯಾ ಅವರ ಮುಂದೆ ಸೋತರು. 1971ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಕಂಚು, ಮರುವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಕಂಚಿನ ಪದಕವನ್ನು ಓದುವಾಗ ಒಂದು ಎಚ್ಚರ ಬೇಕು. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಸಿಗುತ್ತದೆ, ಮೂರನೆಯ ಸ್ಥಾನಕ್ಕೆ ಬೇರೆ ಪಂದ್ಯ ಇರುವುದಿಲ್ಲ. ಅಂದರೆ ಬಾಕ್ಸಿಂಗ್‌ನ ಕಂಚು ಯಾವಾಗಲೂ ಒಂದು ಸೋಲಿನ ಗುರುತು. ಕಾಲಿಯಲ್ಲಿ ಆ ಸೋಲು ಯಾರಿಂದ ಬಂತು ಎಂದು ಹುಡುಕಿದರೆ ಅಮೆರಿಕದ ಡ್ವೇನ್ ಬಾಬಿಕ್ ಅವರ ಹೆಸರು ಸಿಗುತ್ತದೆ. ಆ ಹೆಸರಿನ ಕೆಳಗೆ ಗೆರೆ ಎಳೆದಿಡಿ.

ಫಲಿತಾಂಶದ ಸಾಲನ್ನು ಬಿಡಿಸುವುದು

ಫಲಿತಾಂಶ ಪಟ್ಟಿಯಲ್ಲಿ ಗೆದ್ದವರ ಹೆಸರಿನ ಮುಂದೆ ಇರುವ ಚಿಕ್ಕ ಅಕ್ಷರಗಳನ್ನು ಹೆಚ್ಚಿನವರು ಓದುವುದಿಲ್ಲ, ಆದರೆ ನಿಜವಾದ ವಿಷಯ ಅಲ್ಲಿಯೇ ಇರುತ್ತದೆ. ಕೆಒ ಎಂದರೆ ನಾಕೌಟ್: ಬಿದ್ದವರು ಹತ್ತು ಎಣಿಸುವುದರೊಳಗೆ ಮತ್ತೆ ಸೆಣಸಲು ಸಿದ್ಧರಾಗಲಿಲ್ಲ. ಆರ್‌ಎಸ್‌ಸಿ ಎಂದರೆ ರೆಫರಿಯೇ ಪಂದ್ಯ ನಿಲ್ಲಿಸಿದರು. ಎದುರಾಳಿಗೆ ತಡೆದುಕೊಳ್ಳಲು ಆಗುತ್ತಿಲ್ಲ ಎಂಬ ಕಾರಣಕ್ಕೂ ಇರಬಹುದು, ಗಾಯದಿಂದ ರಕ್ತ ಸುರಿಯುತ್ತಿದೆ ಎಂಬ ಕಾರಣಕ್ಕೂ ಇರಬಹುದು. ಡಬ್ಲ್ಯುಒ ಎಂದರೆ ವಾಕ್‌ಓವರ್, ಎದುರಾಳಿ ರಿಂಗಿಗೇ ಬರಲಿಲ್ಲ. ಅಕ್ಷರಗಳ ಪಕ್ಕದ ಅಂಕಿ ಸುತ್ತಿನ ಸಂಖ್ಯೆ. ಒಂದೇ ಪದಕದ ಹಿಂದೆ ಇವೆಲ್ಲವೂ ಬೆರೆತಿರಬಹುದು, ಅದಕ್ಕೆ ಮ್ಯೂನಿಕ್ ಒಳ್ಳೆಯ ಉದಾಹರಣೆ.

ಅಲ್ಲಿ ಇಪ್ಪತ್ತರ ಹರೆಯದ ಸ್ಟೀವನ್ಸನ್‌ರ ಮೊದಲ ಎದುರಾಳಿ ಪೋಲೆಂಡ್‌ನ ಲುಡ್ವಿಕ್ ಡೆಂಡೆರಿಸ್. ಮೊದಲ ಸುತ್ತಿನಲ್ಲೇ ಡೆಂಡೆರಿಸ್‌ರ ಕಣ್ಣಿನ ಬಳಿ ಚರ್ಮ ಸೀಳಿ ಪಂದ್ಯ ನಿಂತಿತು. ಇದನ್ನು ಬರೆಯುವಾಗ ಗಾಯದಿಂದ ನಿಂತ ಪಂದ್ಯ ಎಂದೇ ಬರೆಯಿರಿ. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದವರು ಅದೇ ಬಾಬಿಕ್, ಹಿಂದಿನ ವರ್ಷ ಕಾಲಿಯಲ್ಲಿ ಸೋಲಿಸಿದ್ದವರು. ಆ ಪಂದ್ಯಕ್ಕೆ ಇಡೀ ಒಂದು ಪುಟ ಮೀಸಲಿಡಬೇಕು. ಮೊದಲ ಸುತ್ತು ಸ್ಟೀವನ್ಸನ್‌ರದು, ಎರಡನೆಯದರಲ್ಲಿ ಬಾಬಿಕ್ ಚೇತರಿಸಿಕೊಂಡು ಮುಂದೆ ನುಗ್ಗಿ ಪಂದ್ಯವನ್ನು ಸಮಕ್ಕೆ ತಂದರು, ಮೂರನೆಯದರಲ್ಲಿ ಸ್ಟೀವನ್ಸನ್ ಅವರನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದ ಮೇಲೆ ರೆಫರಿ ನಿಲ್ಲಿಸಿದರು. ಪುಟದ ಎಡಭಾಗದಲ್ಲಿ ಕಾಲಿ 1971, ಬಲಭಾಗದಲ್ಲಿ ಮ್ಯೂನಿಕ್ 1972 ಎಂದು ಬರೆದು, ಒಂದೇ ಎದುರಾಳಿಯ ಮುಂದೆ ಒಂದು ವರ್ಷದಲ್ಲಿ ಏನು ಬದಲಾಯಿತು ಎಂದು ಪಟ್ಟಿ ಮಾಡಿ. ಇಂಥ ಜೋಡಿ ಪಂದ್ಯಗಳು ಸಿಗುವುದು ಅಪರೂಪ, ಸಿಕ್ಕಾಗ ಬಿಡಬಾರದು.

ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಪೀಟರ್ ಹುಸ್ಸಿಂಗ್ ತಮ್ಮದೇ ದೇಶದ ಪ್ರೇಕ್ಷಕರ ಮುಂದೆ ಎರಡನೆಯ ಸುತ್ತಿನಲ್ಲಿ ಸೋತರು. ಫೈನಲ್ ನಡೆಯಲೇ ಇಲ್ಲ. ರೊಮೇನಿಯಾದ ಇಯೊನ್ ಅಲೆಕ್ಸೆ ಕೈಗೆ ಗಾಯವಾಗಿ ಹಿಂದೆ ಸರಿದದ್ದರಿಂದ ಸ್ಟೀವನ್ಸನ್‌ರಿಗೆ ವಾಕ್‌ಓವರ್ ಸಿಕ್ಕಿತು. ಫೈನಲ್ ಫಲಿತಾಂಶವನ್ನು ಮಾತ್ರ ನೋಡಿ ಚಿನ್ನ ಪುಕ್ಕಟೆ ಸಿಕ್ಕಿತು ಎನ್ನುವವರು ಕ್ವಾರ್ಟರ್‌ಫೈನಲ್ ಪುಟವನ್ನು ನೋಡಿಲ್ಲ. ಆ ಕೂಟದ ಎಲ್ಲ ತೂಕಗಳ ಬಾಕ್ಸರ್‌ಗಳ ಪೈಕಿ ಅತ್ಯುತ್ತಮರಿಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿ ಸ್ಟೀವನ್ಸನ್‌ರಿಗೆ ಬಂದದ್ದು ಆ ಮೂರು ಪಂದ್ಯಗಳ ಬಲದ ಮೇಲೆ.

ಎದುರಾಳಿಯ ಯೋಗ್ಯತೆಯನ್ನು ಆ ದಿನದ ಮಟ್ಟದಲ್ಲಿ ಅಳೆಯುವುದು ಇನ್ನೊಂದು ಮುಖ್ಯ ಅಭ್ಯಾಸ. ಬಾಬಿಕ್ 1977ರಲ್ಲಿ ವೃತ್ತಿಪರರಾಗಿ ಕೆನ್ ನಾರ್ಟನ್ ಎದುರು 58 ಸೆಕೆಂಡುಗಳಲ್ಲಿ ಸೋತರು, ಆ ಒಂದು ಸೋಲನ್ನು ಹಿಡಿದು ಅವರನ್ನು ಹಗುರವಾಗಿ ಕಾಣುವವರು ಇಂದಿಗೂ ಇದ್ದಾರೆ. ಆದರೆ 1972ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಪಂದ್ಯದಲ್ಲಿ, ಮುಂದೆ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಲ್ಯಾರಿ ಹೋಮ್ಸ್ ಅವರನ್ನು ಹಿಂದಿಕ್ಕಿ ತಂಡಕ್ಕೆ ಬಂದವರು ಇದೇ ಬಾಬಿಕ್. ಹೋಮ್ಸ್ ಆ ಪಂದ್ಯದಲ್ಲಿ ಅನರ್ಹಗೊಂಡಿದ್ದರು. ಹಾಗೆಯೇ ಎದುರಾಳಿ ಮುಂದೆ ದೊಡ್ಡವರಾದರೆ ಅದನ್ನೂ ಮಿತಿಯಲ್ಲಿಟ್ಟು ಬಳಸಿ. 1975ರ ಪ್ಯಾನ್ ಅಮೆರಿಕನ್ ಫೈನಲ್‌ನಲ್ಲಿ ಸ್ಟೀವನ್ಸನ್ ಸೋಲಿಸಿದ ಮೈಕೆಲ್ ಡೋಕ್ಸ್ 1982ರಲ್ಲಿ, 1976ರ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮೊದಲ ಸುತ್ತಿನಲ್ಲೇ ನಾಕೌಟ್ ಆದ ಜಾನ್ ಟೇಟ್ 1979ರಲ್ಲಿ ವೃತ್ತಿಪರ ಬಾಕ್ಸಿಂಗ್‌ನ ಡಬ್ಲ್ಯುಬಿಎ (ವಿಶ್ವ ಬಾಕ್ಸಿಂಗ್ ಸಂಸ್ಥೆ) ಹೆವಿವೇಟ್ ಪಟ್ಟ ಗೆದ್ದರು. ಸ್ಟೀವನ್ಸನ್ ಮಾಡಿದ್ದು ಮುಂದಿನ ಚಾಂಪಿಯನ್ನರನ್ನು ಎಳವೆಯಲ್ಲಿ ಸೋಲಿಸಿದ್ದು. ಅದು ಚಾಂಪಿಯನ್ನರನ್ನು ಸೋಲಿಸಿದ್ದಕ್ಕೆ ಸಮವಲ್ಲ, ಕಡೆಗಣಿಸುವಂಥದ್ದೂ ಅಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಪಟ್ಟಿ ಸರಳ. ಸೆನೆಗಲ್‌ನ ಮಾಮದು ದ್ರಾಮೆ, ಫಿನ್ಲೆಂಡಿನ ಪೆಕ್ಕಾ ರೂಕೊಲಾ, ಟೇಟ್, ಫೈನಲ್‌ನಲ್ಲಿ ರೊಮೇನಿಯಾದ ಮಿರ್ಚಾ ಶಿಮೊನ್: ಒಬ್ಬರೂ ಪೂರ್ಣ ಮೂರು ಸುತ್ತು ನಿಲ್ಲಲಿಲ್ಲ. ಕೊಡಗಿನ ಸಿ.ಸಿ. ಮಾಚಯ್ಯ ಅವರೂ ಭಾರತದ ಪರವಾಗಿ ಲೈಟ್ ವೆಲ್ಟರ್‌ವೇಟ್ ವಿಭಾಗದಲ್ಲಿ ಸೆಣಸಿದ ಕೂಟ ಅದು ಎಂಬುದನ್ನು ಕನ್ನಡ ಓದುಗರು ನೆನಪಿಟ್ಟುಕೊಳ್ಳಬಹುದು. 1980ರ ಮಾಸ್ಕೊದಲ್ಲಿ ಚಿತ್ರ ಬದಲಾಗುತ್ತದೆ. ಮೊದಲೆರಡು ಪಂದ್ಯಗಳು ಎಂದಿನಂತೆ ಬೇಗ ಮುಗಿದವು, ಆದರೆ ಸೆಮಿಫೈನಲ್‌ನಲ್ಲಿ ಹಂಗೆರಿಯ ಇಷ್ತ್ವಾನ್ ಲೇವಾಯ್ ಮೂರೂ ಸುತ್ತು ದೂರ ಸರಿಯುತ್ತಲೇ ಉಳಿದುಕೊಂಡರು. ಒಲಿಂಪಿಕ್ಸ್‌ನಲ್ಲಿ ಸ್ಟೀವನ್ಸನ್ ಎದುರು ಕೊನೆಯ ಗಂಟೆಯವರೆಗೆ ನಿಂತ ಮೊದಲಿಗರು ಅವರು. ಫೈನಲ್‌ನಲ್ಲಿ ಆತಿಥೇಯ ದೇಶದ ಪ್ಯೋತರ್ ಜಾಯೆವ್ ಕೂಡ ನಿಂತರು, ತೀರ್ಪು 4–1. ಚಿನ್ನ ಮೂರೂ ಒಂದೇ ಬಗೆಯದಾಗಿ ಕಂಡರೂ ಹೊಡೆದುರುಳಿಸುವ ಇಪ್ಪತ್ತರ ಯುವಕ ಮತ್ತು ಅಂಕಗಳ ಮೇಲೆ ಗೆಲ್ಲುವ ಇಪ್ಪತ್ತೆಂಟರ ಅನುಭವಿ ಬೇರೆ ಬೇರೆ ಬಾಕ್ಸರ್‌ಗಳು ಎಂಬುದು ಈ ಚಿಕ್ಕ ಅಕ್ಷರಗಳಿಂದಲೇ ಹೊಳೆಯುತ್ತದೆ.

ಸೋಲುಗಳಿಗೆ ಪ್ರತ್ಯೇಕ ಪುಟ

ಮುನ್ನೂರಕ್ಕೂ ಹೆಚ್ಚು ಪಂದ್ಯ ಗೆದ್ದವರ ಬದುಕಿನಲ್ಲಿ ಇಪ್ಪತ್ತರ ಆಸುಪಾಸಿನ ಸೋಲುಗಳು ಕಡಿಮೆಯೇ. ಆದರೂ ಒಬ್ಬ ಬಾಕ್ಸರ್‌ನ ಕಲಿಕೆಯ ಇತಿಹಾಸ ಗೆಲುವುಗಳಿಗಿಂತ ಸೋಲುಗಳಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ, ಹಾಗಾಗಿ ಅವುಗಳಿಗೆ ಬೇರೆ ಪುಟವನ್ನೇ ತೆರೆಯಿರಿ. ಪ್ರತಿ ಸೋಲಿನ ಮುಂದೆ ಮೂರು ಪ್ರಶ್ನೆ ಕೇಳಿ: ಅದು ವಯಸ್ಸಿಗೆ ಮುಂಚಿನ ಸೋಲೇ, ಶೈಲಿಯ ಸೋಲೇ, ವಯಸ್ಸು ಮೀರಿದ ಸೋಲೇ?

ಕಾಲಿಯಲ್ಲಿ ಬಾಬಿಕ್ ಅವರಿಗೆ ಸೋತದ್ದು ಮೊದಲ ಬಗೆಯದು. ಹತ್ತೊಂಬತ್ತರ ಹುಡುಗನಿಗೆ ಬಲಗೈ ಹೊಡೆತ ಇತ್ತು, ಆ ಹೊಡೆತಕ್ಕೆ ದಾರಿ ಮಾಡಿಕೊಡುವ ಎಡಗೈ ಇನ್ನೂ ಪಕ್ವವಾಗಿರಲಿಲ್ಲ. ಮನೆಗೆ ಮರಳಿದ ಮೇಲೆ ಚೆರ್ವೊನೆಂಕೊ ಅವರ ಕೈಕೆಳಗೆ ಎಡಗೈ ಜ್ಯಾಬ್‌ನ (ಮುಂದಿನ ಕೈಯ ಚುರುಕಾದ ನೇರ ಹೊಡೆತದ) ಮೇಲೆ ದುಡಿದರು. ಮ್ಯೂನಿಕ್‌ನಲ್ಲಿ ಬಾಬಿಕ್ ಎದುರು ಕಂಡ ಬದಲಾವಣೆಯ ಮೂಲ ಅಲ್ಲಿದೆ.

ಎರಡನೆಯ ಬಗೆಗೆ ಸೋವಿಯತ್ ಬಾಕ್ಸರ್ ಇಗೋರ್ ವಿಸೋತ್ಸ್ಕಿ ಉದಾಹರಣೆ. ಸ್ಟೀವನ್ಸನ್‌ರನ್ನು ಎರಡು ಬಾರಿ ಸೋಲಿಸಿದವರು ಅವರು: 1973ರಲ್ಲಿ ಕ್ಯೂಬಾದ ನೆಲದಲ್ಲೇ ಅಂಕಗಳ ಮೇಲೆ, 1976ರಲ್ಲಿ ಮಿನ್ಸ್ಕ್ ನಗರದಲ್ಲಿ ನಾಕೌಟ್‌ನಿಂದ. ಗಿಡ್ಡಗಿದ್ದು, ಎದುರಾಳಿಯ ತೋಳಿನ ಅಳತೆಯೊಳಕ್ಕೆ ನುಗ್ಗಿ, ಹತ್ತಿರದಿಂದ ಹುಕ್‌ಗಳನ್ನು (ಮೊಣಕೈ ಬಾಗಿಸಿ ಪಕ್ಕದಿಂದ ಬರುವ ಹೊಡೆತಗಳನ್ನು) ಬೀಸುವ ಬಾಕ್ಸರ್ ಅವರು. ದೂರದಿಂದ ಹೊಡೆಯುವ ನೀಳಕಾಯದವರಿಗೆ ಅಂಥವರು ಯಾವಾಗಲೂ ತಲೆನೋವು. ವಿಸೋತ್ಸ್ಕಿ ಒಲಿಂಪಿಕ್ಸ್‌ಗೆ ಒಮ್ಮೆಯೂ ಬರಲಿಲ್ಲ, ಹೀಗಾಗಿ ಪದಕಗಳ ಪಟ್ಟಿಯಲ್ಲಿ ಅವರ ಸುಳಿವೇ ಇಲ್ಲ. ಸ್ಟೀವನ್ಸನ್ ಕುರಿತು ಬರೆಯುವವರು ವಿಸೋತ್ಸ್ಕಿಯನ್ನು ಬಿಟ್ಟರೆ ಬರಹ ಅರ್ಧ ಮಾತ್ರ ಆಗುತ್ತದೆ. 1976ರ ಬೇಸಿಗೆಯಲ್ಲಿ ಮಾಂಟ್ರಿಯಲ್‌ನಲ್ಲಿ ಒಬ್ಬರನ್ನೂ ಮೂರು ಸುತ್ತು ನಿಲ್ಲಗೊಡದೆ ಚಿನ್ನ ಗೆದ್ದವರನ್ನು ಕೆಡವಲು ಸಾಧ್ಯವಿತ್ತು, ಅದಕ್ಕೆ ಇಂಥ ಶೈಲಿ ಬೇಕಾಗಿತ್ತು ಎಂಬ ಸಂಗತಿ ಸ್ಟೀವನ್ಸನ್‌ರ ಘನತೆಯನ್ನು ಕಡಿಮೆ ಮಾಡುವುದಿಲ್ಲ. ಅವರ ಆಟದ ಗಡಿ ಎಲ್ಲಿತ್ತು ಎಂದು ತಿಳಿಸುತ್ತದೆ.

1982ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಅದೂ ಮ್ಯೂನಿಕ್‌ನಲ್ಲೇ, ಇಟಲಿಯ ಫ್ರಾನ್ಸೆಸ್ಕೊ ಡಾಮಿಯಾನಿ ಎದುರು ಸೋತು ಪದಕವಿಲ್ಲದೆ ಮರಳಿದ್ದನ್ನು ಮೂರನೆಯ ಬಗೆಗೆ ಸೇರಿಸಲು ಕೈ ತುರಿಸುತ್ತದೆ, ಆಗ ಅವರಿಗೆ ಮೂವತ್ತು ತುಂಬಿತ್ತು. ಆದರೆ ನಾಲ್ಕು ವರ್ಷಗಳ ಬಳಿಕ ರೀನೊದಲ್ಲಿ, ಮೂವತ್ತನಾಲ್ಕರಲ್ಲಿ, ಅಮೆರಿಕದ ಅಲೆಕ್ಸ್ ಗಾರ್ಸಿಯಾ ಅವರನ್ನು ಫೈನಲ್‌ನಲ್ಲಿ ಸೋಲಿಸಿ ಮತ್ತೆ ವಿಶ್ವ ಚಾಂಪಿಯನ್ ಆದರು. ಆದ್ದರಿಂದ ಸೋಲಿನ ಬಗೆಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಮುಂದಿನ ಕೂಟದ ಫಲಿತಾಂಶ ನೋಡಿದ ಮೇಲೆ ಪಕ್ಕಾ ಮಾಡಿ.

ಚಿತ್ರೀಕರಣ ನೋಡುವ ಕ್ರಮ

ಪಂದ್ಯದ ಚಿತ್ರೀಕರಣ ಸಿಕ್ಕಿದರೆ ಮೊದಲ ಬಾರಿ ಧ್ವನಿ ನಿಲ್ಲಿಸಿ ನೋಡಿ. ವೀಕ್ಷಕ ವಿವರಣೆಕಾರರು ಫಲಿತಾಂಶದ ಹಾದಿಯನ್ನು ಮೊದಲೇ ಊಹಿಸಿ ಮಾತಾಡುತ್ತಾರೆ, ಕಣ್ಣು ಆ ಮಾತಿನ ಹಿಂದೆ ಹೋಗುತ್ತದೆ. ಎರಡನೆಯ ಬಾರಿ ಬಾಕ್ಸರ್‌ನ ಮುಂಗಾಲು ಮತ್ತು ಎಡಗೈಯನ್ನು ಮಾತ್ರ ನೋಡಿ, ಮೂರನೆಯ ಬಾರಿ ಎದುರಾಳಿಯನ್ನು ಮಾತ್ರ. ಬೀಳಿಸಿದ ಹೊಡೆತವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡುವುದು ಸಾಮಾನ್ಯ ಚಪಲ, ಅದಕ್ಕಿಂತ ಆ ಹೊಡೆತಕ್ಕೆ ಮುಂಚಿನ ಹತ್ತು ಸೆಕೆಂಡುಗಳಲ್ಲಿ ಏನಾಯಿತು ಎಂದು ನೋಡುವುದರಲ್ಲಿ ಹೆಚ್ಚು ಕಲಿಕೆ ಇದೆ.

ಸ್ಟೀವನ್ಸನ್ ನೇರವಾಗಿ ನಿಲ್ಲುತ್ತಿದ್ದರು. ಆರಡಿ ಮೀರಿದ ಆಳು, ಬೆನ್ನು ಬಾಗಿಸುವುದಿಲ್ಲ, ತಲೆಯನ್ನು ಹೆಚ್ಚು ಆಡಿಸುವುದಿಲ್ಲ, ಎಡಗೈಯನ್ನು ಚಾಚಿ ಹಿಂದೆಳೆದು ಚಾಚುತ್ತ ದೂರವನ್ನು ಅಳೆಯುತ್ತಾರೆ. ಆ ಎಡಗೈ ಎಲ್ಲ ಸಲವೂ ಹೊಡೆಯುವುದಕ್ಕೇ ಹೋಗುವುದಿಲ್ಲ. ಎದುರಾಳಿಯ ಕಣ್ಣಿಗೆ ಅಡ್ಡವಾಗಿ ನಿಲ್ಲುತ್ತದೆ, ಗ್ಲೌಸನ್ನು ಮುಟ್ಟಿ ಕೆಳಗೊತ್ತುತ್ತದೆ, ಎದುರಾಳಿ ಒಂದು ಹೆಜ್ಜೆ ಹಿಂದಿಡುವಂತೆ ಮಾಡುತ್ತದೆ. ಬಲಗೈ ಗಲ್ಲದ ಪಕ್ಕದಿಂದ ಹೊರಟು ನೇರವಾಗಿ, ಬೀಸದೆ, ಭುಜದ ತಿರುಗುವಿಕೆಯ ಜೊತೆ ಹೋಗುತ್ತದೆ. ಬಲಗೈಯ ಹೊಗಳಿಕೆಯಲ್ಲಿ ಎಡಗೈ ಮರೆತುಹೋಗುತ್ತದೆ, ನನ್ನ ಲೆಕ್ಕದಲ್ಲಿ ಅವರ ಬಾಕ್ಸಿಂಗ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಎಡಗೈಯಲ್ಲೇ ಇತ್ತು.

ಅಭ್ಯಾಸಕ್ಕೆ 1976ರ ಫೈನಲ್ ಸೂಕ್ತ. ಶಿಮೊನ್ ಮೊದಲ ಎರಡು ಸುತ್ತು ಹತ್ತಿರಕ್ಕೇ ಬರುವುದಿಲ್ಲ, ಹಗ್ಗದ ಗುಂಟ ಸುತ್ತುತ್ತಲೇ ಇರುತ್ತಾರೆ. ಮೇಲುನೋಟಕ್ಕೆ ಏನೂ ನಡೆಯದ ಆರು ನಿಮಿಷಗಳು ಅವು. ಒಂದು ಹಾಳೆಯಲ್ಲಿ ರಿಂಗಿನ ಚೌಕ ಬರೆದುಕೊಂಡು, ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಚಿತ್ರ ನಿಲ್ಲಿಸಿ ಇಬ್ಬರೂ ನಿಂತ ಜಾಗಕ್ಕೆ ಚುಕ್ಕೆ ಇಡಿ. ರಿಂಗಿನ ನಡುಭಾಗ ಯಾರ ವಶದಲ್ಲಿದೆ, ಅಂಚಿನ ದೂರದ ದಾರಿಯಲ್ಲಿ ನಡೆದು ದಣಿಯುತ್ತಿರುವವರು ಯಾರು ಎಂಬುದು ಚುಕ್ಕೆಗಳಿಂದ ಗೊತ್ತಾಗುತ್ತದೆ. ಮೂರನೆಯ ಸುತ್ತಿನಲ್ಲಿ ಬಲಗೈ ತಾಗುತ್ತದೆ, ರೊಮೇನಿಯಾದ ಕಾರ್ನರ್‌ನಿಂದ, ಸೋಲೊಪ್ಪಿದ ಗುರುತಾಗಿ, ಟವೆಲ್ ಒಳಗೆ ಬೀಳುತ್ತದೆ. ಆ ಹೊಡೆತ ಎರಡು ಸುತ್ತುಗಳ ನಡಿಗೆಯ ಫಲ ಎಂದು ಚುಕ್ಕೆಗಳ ಹಾಳೆ ಕೈಯಲ್ಲಿದ್ದಾಗ ಹೇಳಬಹುದು, ಬರಿಗಣ್ಣಿನ ನೆನಪಿನಿಂದ ಹೇಳುವುದು ಕಷ್ಟ.

ಖಾಲಿ ವರ್ಷಗಳನ್ನೂ ಬರೆಯಿರಿ

ದಾಖಲೆಯಲ್ಲಿ ಏನೂ ಇಲ್ಲದ ವರ್ಷಗಳಿಗೆ ಕಾರಣ ಬೇಕು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಅನ್ನು ಸೋವಿಯತ್ ಒಕ್ಕೂಟದೊಂದಿಗೆ ಕ್ಯೂಬಾ ಬಹಿಷ್ಕರಿಸಿತು. ಅಲ್ಲಿ ಸೂಪರ್ ಹೆವಿವೇಟ್ ಚಿನ್ನ ಗೆದ್ದ ಅಮೆರಿಕದ ಟೈರೆಲ್ ಬಿಗ್ಸ್ ಅದಕ್ಕೆ ಮೊದಲು ಸ್ಟೀವನ್ಸನ್‌ರಿಗೆ ಸೋತಿದ್ದವರು. ಅದೇ ವರ್ಷ ಬಹಿಷ್ಕಾರ ಮಾಡಿದ ದೇಶಗಳಿಗಾಗಿ ಹವಾನಾದಲ್ಲಿ ನಡೆದ ಬಾಕ್ಸಿಂಗ್ ಕೂಟದಲ್ಲಿ ಸ್ಟೀವನ್ಸನ್ ಗೆದ್ದರು. 1988ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಒಲಿಂಪಿಕ್ಸ್‌ಗೂ ಕ್ಯೂಬಾ ಹೋಗಲಿಲ್ಲ, ಅಷ್ಟರಲ್ಲಿ ಅವರ ಆಟವೂ ಮುಗಿಯಿತು. ಇಷ್ಟನ್ನು ಬರೆದು ನಿಲ್ಲಿಸಿ. ನಾಲ್ಕನೆಯ ಚಿನ್ನ ಖಂಡಿತ ಸಿಗುತ್ತಿತ್ತು ಎಂದು ಬರೆಯಬೇಡಿ. ಮೇಲೆ ಹೇಳಿದ 1982ರ ಸೋಲು ಎದುರಿಗೇ ಇದೆ, ಸೋಲಿಸಿದ ಡಾಮಿಯಾನಿ ಲಾಸ್ ಏಂಜಲೀಸ್‌ನಲ್ಲಿ ಬೆಳ್ಳಿ ಗೆದ್ದವರು. ಬಹಿಷ್ಕಾರ ಎರಡೂ ಕಡೆ ಕೆಲಸ ಮಾಡಿದೆ ಎಂಬುದನ್ನೂ ಪ್ರಾಮಾಣಿಕವಾಗಿ ನಮೂದಿಸಬೇಕು: 1980ರ ಮಾಸ್ಕೊಗೆ ಅಮೆರಿಕದ ಬಾಕ್ಸರ್‌ಗಳು ಬಂದಿರಲಿಲ್ಲ.

ವೃತ್ತಿಪರರೊಂದಿಗೆ ಹೋಲಿಕೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಅಲಿ ಅವರೊಂದಿಗೆ ಪಂದ್ಯ ಏರ್ಪಡಿಸಲು ಅಮೆರಿಕದ ಆಯೋಜಕರು ಹತ್ತಾರು ಲಕ್ಷ ಡಾಲರ್ ಮುಂದಿಟ್ಟದ್ದು ನಿಜ, ಸ್ಟೀವನ್ಸನ್ ಒಪ್ಪದೆ ತಮ್ಮ ಜನರ ಪ್ರೀತಿಯೇ ದೊಡ್ಡದೆಂದದ್ದೂ ನಿಜ. ಆ ಕಾಲದ ವೃತ್ತಿಪರ ವಿಶ್ವಪಟ್ಟದ ಪಂದ್ಯ ಹದಿನೈದು ಸುತ್ತು, ಅಂದರೆ 45 ನಿಮಿಷ. ಹವ್ಯಾಸಿಯ ಪಂದ್ಯ 9 ನಿಮಿಷ. ಉಸಿರಿನ ಹಂಚಿಕೆ, ಹೊಡೆತಗಳ ಆಯ್ಕೆ, ಎದುರಾಳಿಯನ್ನು ದಣಿಸುವ ಯೋಜನೆ ಎಲ್ಲವೂ ಬೇರೆ. ಒಂದರಲ್ಲಿ ಗೆದ್ದವರು ಇನ್ನೊಂದರಲ್ಲಿ ಏನಾಗುತ್ತಿದ್ದರು ಎಂಬ ಚರ್ಚೆಗೆ ದಾಖಲೆಯಿಂದ ಉತ್ತರ ದೊರೆಯುವುದಿಲ್ಲ. ಅದರ ಬದಲು ನಿರಾಕರಣೆಯ ನಂತರ ಅವರು ಏನು ಮಾಡಿದರು ಎಂದು ನೋಡಿ: ಮತ್ತೆ ಒಂದು ದಶಕ ರಿಂಗಿನಲ್ಲಿದ್ದರು, ಆಮೇಲೆ ಕ್ಯೂಬಾದ ಬಾಕ್ಸಿಂಗ್ ಫೆಡರೇಷನ್ನಿನಲ್ಲಿ ದುಡಿದರು, 2012ರ ಜೂನ್ 11ರಂದು ಹವಾನಾದಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರ ದೇಶದಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರಲ್ಲಿ.

ಇದೇ ಕ್ರಮ ನಮ್ಮ ಹೆವಿವೇಟ್‌ಗಳಿಗೆ

ಒಮ್ಮೆ ಕೈ ಪಳಗಿದ ಮೇಲೆ ಭಾರತದ ದಾಖಲೆಗಳನ್ನು ಹೀಗೆಯೇ ಬಿಡಿಸಬಹುದು. ಹರಿಯಾಣದ ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಹೆವಿವೇಟ್ ಚಿನ್ನ ಗೆದ್ದರು, ಎರಡೂ ಬ್ಯಾಂಕಾಕ್‌ನಲ್ಲಿ. ಅವರ ಪುಟದಲ್ಲಿ ಸೇನೆಯ ವರ್ಷಗಳಿಗೂ, ಬಳಿಕ ಭಿವಾನಿಯಲ್ಲಿ ಕಟ್ಟಿದ ತರಬೇತಿ ಕೇಂದ್ರಕ್ಕೂ ಜಾಗ ಬೇಕು, ಏಕೆಂದರೆ ಸಗಾರ್ರಾ ಅವರ ತಂಡ ಕ್ಯೂಬಾಕ್ಕೆ ಮಾಡಿದ್ದನ್ನು ಒಂದು ಊರಿನ ಮಟ್ಟಿಗೆ ಆ ಕೇಂದ್ರ ಮಾಡಿತು. ಪಂಜಾಬಿನ ಕೌರ್ ಸಿಂಗ್ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. 1980ರಲ್ಲಿ ದೆಹಲಿಯಲ್ಲಿ ಅಲಿ ಅವರೊಂದಿಗೆ ಪ್ರದರ್ಶನ ಪಂದ್ಯದಲ್ಲಿ ಸೆಣಸಿದರು. ಅದನ್ನು ಪ್ರದರ್ಶನ ಎಂದೇ ಬರೆಯಿರಿ, ದಾಖಲೆಯ ಗೆಲುವು ಸೋಲುಗಳ ಅಂಕಣಕ್ಕೆ ಸೇರಿಸಬೇಡಿ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಸೂಪರ್ ಹೆವಿವೇಟ್ ಪಟ್ಟಿಯಲ್ಲಿ ಸತೀಶ್ ಕುಮಾರ್ ಅವರ ಹೆಸರಿನ ಮುಂದೆ ಎರಡು ಸಾಲು ಇವೆ: ಜಮೈಕಾದ ರಿಕಾರ್ಡೊ ಬ್ರೌನ್ ಎದುರು 4–1 ಗೆಲುವು, ಕ್ವಾರ್ಟರ್‌ಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಬಖೊದಿರ್ ಜಲೊಲೊವ್ ಎದುರು 0–5 ಸೋಲು. ಎರಡನೆಯ ಸಾಲಿನ ಪಕ್ಕದಲ್ಲಿ ನೀವು ಬರೆಯಬೇಕಾದದ್ದು ಪಟ್ಟಿಯಲ್ಲಿ ಇರುವುದಿಲ್ಲ. ಬ್ರೌನ್ ಜೊತೆಗಿನ ಪಂದ್ಯದಲ್ಲಿ ಆದ ಗಾಯಗಳಿಗೆ ಹೊಲಿಗೆ ಹಾಕಿಸಿಕೊಂಡು ಸತೀಶ್ ರಿಂಗಿಗೆ ಇಳಿದಿದ್ದರು, ಮತ್ತು ಆ ವಿಭಾಗದ ಚಿನ್ನ ಜಲೊಲೊವ್ ಅವರಿಗೇ ಹೋಯಿತು. ಜಲೊಲೊವ್ ಅಷ್ಟರಲ್ಲಾಗಲೇ ವೃತ್ತಿಪರ ಪಂದ್ಯಗಳನ್ನೂ ಗೆದ್ದಿದ್ದವರು. 2016ರಿಂದ ವೃತ್ತಿಪರರಿಗೂ ಒಲಿಂಪಿಕ್ಸ್‌ನ ಬಾಗಿಲು ತೆರೆದಿದೆ. ಹಾಗಾಗಿ 2016ರ ನಂತರದ ಯಾವುದೇ ಪುಟ ತೆರೆಯುವಾಗ ಎದುರಾಳಿಯ ಹೆಸರಿನ ಮುಂದೆ ಎರಡು ಅಂಕಣ ಇಡಿ, ಒಂದರಲ್ಲಿ ಅವರ ಹವ್ಯಾಸಿ ದಾಖಲೆ, ಇನ್ನೊಂದರಲ್ಲಿ ಆ ದಿನದವರೆಗಿನ ವೃತ್ತಿಪರ ದಾಖಲೆ.